ಬೂದಿ ಮುಚ್ಚಿದ ಕೆಂಡ ಮತ್ತು ನನ್ನ ಬಲಗಾಲಿನ ಚಪ್ಪಲಿ

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ ಒಂಟಿ ಚಪ್ಪಲಿಯೊಂದಿದೆ. ಬಲಗಾಲಿನದು. ಅದರ ಅಟ್ಟೆ ಹಿಮ್ಮಡಿಯ ಹತ್ತಿರ ಮೇಣದ ಹಾಗೆ ಕರಗಿ, ಒಂದು ಕಡೆಗೆ ಜಾರಿ, ಹಾಗೇ ಗಟ್ಟಿಯಾಗಿದೆ. ಅದರ ಜೋಡಿಯನ್ನು ಎಸೆದು ವರ್ಷವಾಯಿತು. ಇದನ್ನೂ ಎಸೆಯೋಣ ಅಂತ ನಾನು ಮೂರು ಸಲ ಕೈಗೆತ್ತಿಕೊಂಡಿದ್ದೇನೆ. ಮೂರು ಸಲವೂ ನಮ್ಮ ಅತ್ತೆ ಎಲ್ಲಿಂದಲೋ ಪ್ರತ್ಯಕ್ಷರಾಗಿ, "ಇರಲಿ ಬಿಡಿ ಅಳಿಯಂದಿರೇ, ಅದೇನು ಅನ್ನ ಕೇಳುತ್ತದೆಯೇ?" ಎಂದಿದ್ದಾರೆ. ಬಂದ ನೆಂಟರು ಅದನ್ನು ಗಮನಿಸಿದರೆ ಸರಿ. ಗಮನಿಸದಿದ್ದರೆ, ಅವರು ಹೊರಡುವ ಹೊತ್ತಿಗೆ ಅತ್ತೆ ಸ್ಟ್ಯಾಂಡಿನ ಪಕ್ಕದಲ್ಲೇ ನಿಂತು, ಅವರ ಕಣ್ಣು ಅದರ ಮೇಲೆ ಬೀಳುವವರೆಗೂ ಮಾತು ಬೆಳೆಸುತ್ತಾರೆ.

ಇದೆಲ್ಲ ಶುರುವಾದದ್ದು ಭಾಮೈದನ ಜೀಪಿನಿಂದ. ಹಳೆಯ ಜೀಪು, ಆದರೆ ಫೋರ್ ವೀಲ್ ಡ್ರೈವ್. ಅದನ್ನು ಕೊಂಡ ದಿನದಿಂದ ಅವನಿಗೆ ಡಾಂಬರು ರಸ್ತೆ ಕಂಡರೆ ಅಸಡ್ಡೆ. "ಭಾವ, ರಸ್ತೆ ಇರೋ ಕಡೆ ಯಾರು ಬೇಕಾದ್ರೂ ಓಡಿಸ್ತಾರೆ. ರಸ್ತೆ ಇಲ್ಲದ ಕಡೆ ಓಡಿಸ್ಬೇಕು" ಅಂತ ಶುರು ಮಾಡಿದ. ಎರಡು ಹಗಲು, ಒಂದು ರಾತ್ರಿ. ಊರುಕೇರಿಯಿಂದ ದೂರದ ಕಾಡಿನ ಕಚ್ಚಾದಾರಿ, ಟೆಂಟ್, ಕ್ಯಾಂಪ್‌ಫೈರ್. ಮೊಬೈಲ್ ಸಿಗ್ನಲ್ ಕೂಡ ಇಲ್ಲ ಅನ್ನುವುದನ್ನು ಅವನು ಐಷಾರಾಮಿ ಸೌಕರ್ಯದ ಹಾಗೆ ಹೇಳಿದ. ನನ್ನ ಹೆಂಡತಿ ತಮ್ಮನ ಮಾತಿಗೆ ಎಂದೂ ಇಲ್ಲ ಅಂದವಳಲ್ಲ. ಅತ್ತೆ, "ಮನೇಲಿ ಒಬ್ಬಳೇ ಕೂತು ಏನ್ ಮಾಡ್ಲಿ, ನಾನೂ ಬರ್ತೀನಿ" ಅಂದರು. ಎಪ್ಪತ್ತು ದಾಟಿದವರು. ಮುಂದಿನ ಸೀಟು ಅವರಿಗೇ ಹೋಯಿತು. ಹಿಂದಿನ ಸೀಟಿನಲ್ಲಿ ನಾನು, ಹೆಂಡತಿ, ಟೆಂಟು, ಒಂದು ಮೂಟೆ ಆಲೂಗಡ್ಡೆ.

ನನ್ನ ಸ್ವಭಾವ ಒಂದಿಷ್ಟು ಹೇಳಿಬಿಡಬೇಕು. ನಾನು ತಯಾರಿಯ ಮನುಷ್ಯ. ಈಜು ಕಲಿಯುವ ಮುಂಚೆ ಈಜಿನ ಬಗ್ಗೆ ಮೂರು ಪುಸ್ತಕ ಓದಿದ್ದೆ. ಈಜು ಇವತ್ತಿಗೂ ಬರುವುದಿಲ್ಲ. ಹಾಗಾಗಿ ಈ ಪ್ರವಾಸಕ್ಕೂ ವಾರಗಟ್ಟಲೆ ಓದಿ, ನಾಲ್ಕು ಪುಟದ ನಿಯಮಾವಳಿ ತಯಾರಿಸಿ, ಲ್ಯಾಮಿನೇಟ್ ಮಾಡಿಸಿದೆ. ಕಾಡುಮೇಡು ಅಲೆಯುವವರು ಪಾಲಿಸುವ 'ಲೀವ್ ನೋ ಟ್ರೇಸ್' ಎಂಬ 7 ಸೂತ್ರಗಳಿವೆ, ಅಂದರೆ ಬಂದು ಹೋದ ಗುರುತೇ ಉಳಿಯಬಾರದು ಅಂತ. ಅದರಲ್ಲಿ 5ನೆಯದು ಬೆಂಕಿಯದು. ವಾಹನದಲ್ಲಿ ಹೋಗುವವರಿಗೆ 'ಟ್ರೆಡ್ ಲೈಟ್ಲಿ' ಅಂತ ಇನ್ನೊಂದಿದೆ, 1985ರಲ್ಲಿ ಅಮೆರಿಕದ ಅರಣ್ಯ ಇಲಾಖೆಯವರು ಶುರು ಮಾಡಿದ್ದು. ಎರಡನ್ನೂ ಅರೆದು ಕುಡಿದಿದ್ದೆ. ಮನೆಯ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಓದಿಯೂ ಹೇಳಿದೆ. ಭಾಮೈದ ಎರಡನೆಯ ಪುಟಕ್ಕೆ ನಿದ್ದೆ ಹೋದ. ಅತ್ತೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಳಿಯಂದಿರು ಯಾವತ್ತಾದ್ರೂ ಒಲೆ ಹಚ್ಚಿದ್ದೀರಾ?"

ಒಂದು ಕೆಲಸ ಮಾತ್ರ ನಿಜಕ್ಕೂ ಸರಿಯಾಗಿ ಮಾಡಿದೆ. ಅಲ್ಲಿ ಬೆಂಕಿ ಹಚ್ಚಲು ಬಿಡುತ್ತಾರೋ ಇಲ್ಲವೋ ಅಂತ ಮೊದಲೇ ಫೋನ್ ಮಾಡಿ ಕೇಳಿದೆ. ಕೆಲವು ಕಾಡುಗಳಲ್ಲಿ ವರ್ಷಪೂರ್ತಿ ನಿಷೇಧ. ಕೆಲವು ಕಡೆ ಬೇಸಿಗೆ ಬಂತೆಂದರೆ ನಿಷೇಧ. ಕೆಲವು ಕಡೆ ಚೀಟಿ ಬರೆಸಬೇಕು. ನಾವು ಹೋಗುವ ಜಾಗದಲ್ಲಿ, ಆ ತಿಂಗಳಲ್ಲಿ, ಈಗಾಗಲೇ ಇರುವ ಕಲ್ಲಿನ ವೃತ್ತದೊಳಗೆ ಮಾತ್ರ ಹಚ್ಚಬಹುದು, ಗಾಳಿ ಎದ್ದರೆ ಬೇಡ ಅಂದರು. ಬರೆದುಕೊಂಡೆ.

ಹೊರಡುವ ದಿನ ಬೆಳಿಗ್ಗೆ ನೋಡಿದರೆ ಜೀಪಿನ ಮೇಲೆ ಒಂದು ದೊಡ್ಡ ಮರದ ದಿಮ್ಮಿ. ಭಾಮೈದ ತನ್ನ ಹಿತ್ತಲಿನಿಂದ ಸೌದೆಗೆ ಅಂತ ತಂದದ್ದು. ಅದಕ್ಕೊಂದು ಹೊಸ ಕೊಡಲಿ ಬೇರೆ. ಒಂದೂರಿನ ಸೌದೆ ಇನ್ನೊಂದೂರಿನ ಕಾಡಿಗೆ ಒಯ್ಯಬಾರದು ಕಣೋ, ಒಳಗೆ ಹುಳ ಇರುತ್ತೆ ಅಂದೆ. ನಕ್ಕ. ಸರಿ, ಶುರು ಮಾಡಿದೆ. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪತ್ತೆಯಾದದ್ದು, ಜನ ಕಾರಿನಲ್ಲಿ ಒಯ್ಯುವ ಸೌದೆಯ ಜೊತೆ ಅದೂ ಪ್ರವಾಸ ಮಾಡಿದ್ದು, ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತದ್ದು. ಜೀರುಂಡೆಯ ಮರಿಹುಳ ತೊಗಟೆಯ ಕೆಳಗೆ ಹೇಗೆ ಕೊರೆಯುತ್ತದೆ ಅನ್ನುವಲ್ಲಿಗೆ ಬರುವಷ್ಟರಲ್ಲಿ ಭಾಮೈದ ತಾನಾಗಿಯೇ ದಿಮ್ಮಿ ಇಳಿಸಿದ. ಒಪ್ಪಿಗೆಯಾಗಿ ಅಲ್ಲ. ನನ್ನ ಬಾಯಿ ಮುಚ್ಚಿಸಲು.

ಹೀಗೆ ಮೊದಲ ಸುತ್ತು ಗೆದ್ದ ಉಬ್ಬಿನಲ್ಲೇ ನಾನು ಕಚ್ಚಾದಾರಿ ಸೇರಿದ್ದು.

ಆರು ಕಿಲೋಮೀಟರ್ ಹೋದ ಮೇಲೆ ದಾರಿಯ ನಡುವೆ ಒಂದು ನೀರಿನ ಗುಂಡಿ. ನಾನು ಇಳಿದು ಮುಂದೆ ನಡೆದು ದಾರಿ ತೋರಿಸುವುದು ಅಂತಾಯಿತು. ಇಂಥ ಕಡೆ ನಿಯಮ ಬಹಳ ಸರಳ. ಕೋಲು ಹಾಕಿ ಆಳ ನೋಡಬೇಕು. ದಾಟುವಷ್ಟು ಇದ್ದರೆ ನಿಧಾನವಾಗಿ ನಡುವಿನಲ್ಲೇ ದಾಟಬೇಕು. ಪಕ್ಕದಲ್ಲಿ ಬಳಸಿಕೊಂಡು ಹೋಗಬಾರದು. ಯಾಕೆಂದರೆ ಒಬ್ಬ ಬಳಸಿದರೆ ಮುಂದಿನವನು ಇನ್ನೂ ಆಚೆ ಬಳಸುತ್ತಾನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಂಟಡಿ ದಾರಿ ಮೂವತ್ತಡಿ ಕೆಸರಿನ ಗದ್ದೆಯಾಗಿರುತ್ತದೆ. ಇದು ನನ್ನ ನಿಯಮಾವಳಿಯ ಎರಡನೆಯ ಪುಟದಲ್ಲೇ ಇತ್ತು. ಆದರೆ ಕೋಲು ಹಾಕಬೇಕಾದವನು ನಾನು. ಶೂ ಹೊಸದು. ಗುಂಡಿಯ ನೀರು ಕೆಂಪಗಿತ್ತು. ಹಾಗಾಗಿ ನಾನು ಬಹಳ ಗಂಭೀರವಾಗಿ ಕೈ ಆಡಿಸಿ, "ಎಡಕ್ಕೆ ತಗೋ, ಪಕ್ಕದಲ್ಲಿ ಹುಲ್ಲು ಗಟ್ಟಿ ಇದೆ" ಅಂದೆ.

ಹುಲ್ಲು ಗಟ್ಟಿಯೇ ಇತ್ತು. ಅದರ ಕೆಳಗಿನ ನೆಲ ಗಟ್ಟಿ ಇರಲಿಲ್ಲ. ಜೀಪು ಎಡಕ್ಕೆ ವಾಲಿ, ಎರಡು ಚಕ್ರ ಅರ್ಧ ಹೂತುಹೋಯಿತು. ಭಾಮೈದ ಆಕ್ಸಿಲರೇಟರ್ ಒತ್ತಿದ. ಉಳಿದರ್ಧವೂ ಹೂತುಹೋಯಿತು. ಆಗ ಎದ್ದ ಕೆಸರು ನೇರವಾಗಿ ನನ್ನ ಹೊಸ ಶೂ, ಪ್ಯಾಂಟು, ಕೈಯಲ್ಲಿದ್ದ ಲ್ಯಾಮಿನೇಟ್ ಹಾಳೆ, ಎಲ್ಲದರ ಮೇಲೂ ಅಭಿಷೇಕವಾಯಿತು. ಲ್ಯಾಮಿನೇಟ್ ಮಾಡಿಸಿದ್ದು ಎಷ್ಟು ಒಳ್ಳೆಯದಾಯಿತು ಅಂತ ಹೆಂಡತಿಗೆ ಹೇಳಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಲ್ವಾ. ಶೂ ಅಲ್ಲಿಗೆ ಮುಗಿಯಿತು. ಆ ಹೊತ್ತಿನಿಂದ ನಾನು ಚಪ್ಪಲಿಗೆ ಬಂದೆ. ಇದನ್ನು ನೆನಪಿಟ್ಟುಕೊಳ್ಳಿ.

ಅರ್ಧ ಗಂಟೆಯ ಮೇಲೆ ಹಿಂದಿನಿಂದ ಇನ್ನೊಂದು ಜೀಪು ಬಂತು. ಓಡಿಸುತ್ತಿದ್ದವರು ಒಬ್ಬ ಮಹಿಳೆ, ಅತ್ತೆಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಒಬ್ಬರೇ. ಭಾಮೈದ ಉತ್ಸಾಹದಿಂದ ಹಗ್ಗ ತೆಗೆದು, ನಮ್ಮ ಜೀಪಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡಿಗೆ ಸುತ್ತಿದ. ಆಕೆ ಏನೂ ಮಾತಾಡದೆ ಬಂದು ಹಗ್ಗ ಬಿಚ್ಚಿದರು. "ಇದು ಟ್ರೇಲರ್ ಎಳೆಯೋಕೆ. ಹೂತ ಗಾಡಿ ಎಳೆಯೋಕಲ್ಲ. ಎಳೆತಕ್ಕೆ ಇದು ಕಿತ್ತು ಬಂದರೆ ಫಿರಂಗಿ ಗುಂಡೇ" ಅಂದರು. ಅಡಿಯ ಚಾಸಿಸ್‌ನಲ್ಲಿದ್ದ ಕೊಂಡಿಗೆ ಹಗ್ಗ ಹಾಕಿದರು. ಅಕಸ್ಮಾತ್ ತುಂಡಾದರೆ ಚಾವಟಿಯ ಹಾಗೆ ಬೀಸದೇ ಇರಲಿ ಅಂತ ಹಗ್ಗದ ಮೇಲೆ ನಮ್ಮದೇ ಕಂಬಳಿ ಹೊದಿಸಿದರು. ಎಲ್ಲರನ್ನೂ ಹಗ್ಗದ ಉದ್ದಕ್ಕಿಂತ ಆಚೆ ಕಳಿಸಿದರು. ಆಮೇಲೆ ನಮ್ಮ ಟೈರುಗಳ ಗಾಳಿ ಇಳಿಸಿದರು, 32ರಿಂದ 18ಕ್ಕೆ. ಗಾಳಿ ಕಮ್ಮಿಯಾದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಅರ್ಧ ಲೋಟ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಜೀಪು ಹೊರಗೆ.

ಹೊರಡುವ ಮುಂಚೆ ಆಕೆ ನಾವು ಹುಲ್ಲಿನಲ್ಲಿ ಮಾಡಿದ ಎರಡು ಹಳ್ಳಗಳನ್ನು ಸಲಿಕೆಯಿಂದ ಮುಚ್ಚಿ ಸಮ ಮಾಡಿದರು. "ಬಳಸಿಕೊಂಡು ಹೋಗು ಅಂದಿದ್ದು ಯಾರು?" ಅಂತ ಕೇಳಿದರು. ನಾನು ಆಕಾಶ ನೋಡಿದೆ. ನನ್ನ ಹೆಂಡತಿ ನನ್ನನ್ನೇ ನೋಡಿದಳು. ಉತ್ತರ ಸಿಕ್ಕಿತು ಅನ್ನುವ ಹಾಗೆ ಆಕೆ ತಲೆಯಾಡಿಸಿ ಮುಂದೆ ಹೋದರು.

ಸಂಜೆ ಹೊತ್ತಿಗೆ ಜಾಗ ಮುಟ್ಟಿದೆವು. ಭಾಮೈದ ಒಣಹುಲ್ಲಿನ ಮೇಲೆ ಜೀಪು ನಿಲ್ಲಿಸಿದ. ಇಲ್ಲಿ ನಾನು ನನ್ನ ಮಾನ ಸ್ವಲ್ಪ ವಾಪಸ್ ಪಡೆದೆ ಅಂತ ಹೇಳಲೇಬೇಕು. ಗಂಟೆಗಟ್ಟಲೆ ಓಡಿ ಬಂದ ಗಾಡಿಯ ಸೈಲೆನ್ಸರ್ ಕೊಳವೆ ಒಣಹುಲ್ಲು ಹತ್ತಿಸುವಷ್ಟು ಕಾದಿರುತ್ತದೆ. ನಾವು ಟೆಂಟ್ ಹೊಡೆಯುತ್ತಾ ಇರುವಾಗ ಗಾಡಿಯ ಕೆಳಗೆ ಸದ್ದಿಲ್ಲದೆ ಹತ್ತಿಕೊಳ್ಳುತ್ತದೆ. "ತೆಗೀ, ತೆಗೀ" ಅಂತ ಕೂಗಿ ಬರೀ ಮಣ್ಣಿನ ನೆಲಕ್ಕೆ ತೆಗೆಸಿದೆ. ಟೆಂಟ್ ಕೂಡ ಹೊಳೆಯಿಂದ 60 ಮೀಟರ್ ದೂರದಲ್ಲೇ ಇರಬೇಕು ಅಂತ ಹಠ ಹಿಡಿದೆ. ಹೊಳೆ ದಂಡೆಯ ಮೇಲೆ ಕ್ಯಾಂಪ್ ಹಾಕಿದರೆ ನೀರೂ ಕೆಡುತ್ತದೆ, ನೀರಿಗೆ ಬರುವ ಪ್ರಾಣಿಗಳಿಗೂ ತೊಂದರೆ. ನಾನೇ ಹೆಜ್ಜೆ ಎಣಿಸಿದೆ. ಎಂಬತ್ತು ಹೆಜ್ಜೆ. "ನೀರು ತರೋಕೆ ದೂರ ಆಗಲ್ವೇನ್ರೀ?" ಅಂದಳು ಹೆಂಡತಿ. "ಎಷ್ಟು ಸಲ ತರ್ತೀವಿ ಮಹಾ?" ಅಂದೆ.

ಕಲ್ಲಿನ ವೃತ್ತ ಇತ್ತು. ಆದರೆ ಹಿಂದೆ ಬಂದವರು ಮಾಡಿಟ್ಟದ್ದು ಒಂದು ಕಡೆ ಚದುರಿ ಹೋಗಿತ್ತು. ಸುತ್ತ ಎರಡಾಳು ದೂರದವರೆಗೆ ತರಗೆಲೆ ಗುಡಿಸಿದೆ. ಮೇಲೆ ಕೊಂಬೆ ಇಲ್ಲವೆಂದು ನೋಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಳೆಯಲ್ಲಿ ನುಣುಪಾದ, ದುಂಡನೆಯ ಕಲ್ಲುಗಳನ್ನು ಕಂಡಿದ್ದೆ. ವೃತ್ತಕ್ಕೆ ಇಟ್ಟರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅನ್ನಿಸಿತು. ಐದು ಕಲ್ಲು ತಂದು ಜೋಡಿಸಿದೆ. ಅತ್ತೆ ಒಂದನ್ನು ಮುಟ್ಟಿ, "ಒದ್ದೆ ಕಲ್ಲು" ಅಂದರು. "ಒಣಗುತ್ತೆ ಬಿಡಿ" ಅಂದೆ.

ಬೆಂಕಿ ಹಚ್ಚುವ ಜವಾಬ್ದಾರಿ ಭಾಮೈದನದು. ಅವನು ಸೀದಾ ತೊಡೆ ಗಾತ್ರದ ಕೊಂಬೆಗಳನ್ನು ರಾಶಿ ಹಾಕಿ ಕಡ್ಡಿ ಗೀರಿದ. ಹದಿನೆಂಟು ಕಡ್ಡಿ ಮುಗಿದವು. ಆಮೇಲೆ ಅವನು ಜೀಪಿನ ಹಿಂದೆ ಹೋಗಿ ಪೆಟ್ರೋಲ್ ಕ್ಯಾನ್ ಹುಡುಕಲು ಶುರು ಮಾಡಿದ. ಸಿಗಲಿಲ್ಲ. ಯಾಕೆಂದರೆ ಅತ್ತೆ ಅದನ್ನು ಮುಂಚೆಯೇ ತಮ್ಮ ಕುರ್ಚಿಯ ಹಿಂದೆ, ದೂರದಲ್ಲಿ, ಸೆರಗಿನಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು. ಪೆಟ್ರೋಲ್‌ನ ತಮಾಷೆ ಏನೆಂದರೆ, ಹತ್ತಿಕೊಳ್ಳುವುದು ಆ ದ್ರವ ಅಲ್ಲ, ಅದರ ಆವಿ. ಮೈನಸ್ 40 ಡಿಗ್ರಿ ಚಳಿಯಲ್ಲೂ ಆವಿ ಏಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಿಯುತ್ತದೆ. ನೀವು ಸೌದೆಯ ಮೇಲೆ ಹಾಕಿದ್ದೀರಿ ಅಂದುಕೊಂಡಿರುತ್ತೀರಿ, ಅದು ನಿಮ್ಮ ಕಾಲ ಹತ್ತಿರ ಬಂದು ಕಾಯುತ್ತಿರುತ್ತದೆ. ಇದನ್ನೆಲ್ಲ ನಾನು ಮೂರನೆಯ ಪುಟದಿಂದ ಓದಿ ಹೇಳಿದೆ. ಅತ್ತೆ ಓದಲಿಲ್ಲ, ಕ್ಯಾನ್ ಬಚ್ಚಿಟ್ಟರು ಅಷ್ಟೇ.

ಆಮೇಲೆ ಸೊಂಟ ಬಗ್ಗಿಸಿ ಅವರೇ ಕೂತರು. ಭಾಮೈದನ ರಾಶಿಯನ್ನು ಎಳೆದು ಹಾಕಿದರು. ಪೆನ್ಸಿಲ್‌ಗಿಂತ ತೆಳುವಾದ ಪುರಲೆಗಳನ್ನು ಗೂಡಿನ ಹಾಗೆ ಜೋಡಿಸಿದರು. ಅದರ ಮೇಲೆ ಬೆರಳು ಗಾತ್ರದವು, ಅದರ ಮೇಲೆ ಮಣಿಕಟ್ಟಿನ ಗಾತ್ರದವು. ಅದಕ್ಕಿಂತ ದಪ್ಪದ್ದು ಬೇಡವೇ ಬೇಡ ಅಂದರು. "ಪೂರ್ತಿ ಉರಿಯಲ್ಲ, ಬೆಳಿಗ್ಗೆ ಅರ್ಧ ಸುಟ್ಟ ಹೆಣದ ಹಾಗೆ ಬಿದ್ದಿರುತ್ತೆ." ಎಲ್ಲವೂ ಕೆಳಗೆ ಬಿದ್ದ ಒಣಕಡ್ಡಿಗಳೇ. ಒಂದೇ ಕಡ್ಡಿ ಗೀರಿದರು. ಹತ್ತಿಕೊಂಡಿತು. "ಬೆಂಕಿಗೂ ಕೂಸಿಗೂ ಮೊದಲು ಸಣ್ಣ ತುತ್ತು ಕೊಡ್ಬೇಕು" ಅಂದು, ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿ, "ಇದು ಅದರಲ್ಲಿದೆಯಾ?" ಅಂತ ಕೇಳಿದರು. ಇತ್ತು. ನಾಲ್ಕನೆಯ ಪುಟದಲ್ಲಿ. ಆದರೆ ಆ ಹೊತ್ತಲ್ಲಿ ಇದೆ ಅಂತ ಹೇಳುವ ಧೈರ್ಯ ಬರಲಿಲ್ಲ. ಪುಸ್ತಕದ ಬದನೆಕಾಯಿಯನ್ನು ಯಾರಿಗೆ ಬಡಿಸುವುದು?

ಕ್ಯಾಂಪ್‌ಫೈರ್ ಅಂದರೆ ಎಲ್ಲರೂ ಸುತ್ತ ಕೂತು ನಗುತ್ತಿರುವ ಚಿತ್ರ ನೋಡಿರುತ್ತೀರಿ. ಅದನ್ನು ತೆಗೆಯುವಾಗ ಹೊಗೆಯ ಕಡೆ ಕೂತವರನ್ನು ಹೊರಗೆ ಕಳಿಸಿರುತ್ತಾರೆ ಅಂತ ನನ್ನ ಬಲವಾದ ಅನುಮಾನ. ನಾನು ಎಲ್ಲಿ ಕೂತರೂ ಹೊಗೆ ಅಲ್ಲಿಗೇ ಬಂತು. ಬೆಂಕಿ ಸುತ್ತಲಿಂದ ಗಾಳಿ ಎಳೆದುಕೊಳ್ಳುತ್ತದೆ, ನಾವು ಗೋಡೆಯ ಹಾಗೆ ಕೂತರೆ ಆ ಕಡೆಯಿಂದ ಗಾಳಿ ಬರುವುದಿಲ್ಲ, ಹಾಗಾಗಿ ಹೊಗೆ ಆ ಖಾಲಿ ಕಡೆಗೆ ವಾಲುತ್ತದೆ. ಕಾರಣ ಗೊತ್ತಿದ್ದರೆ ಕಣ್ಣು ಉರಿಯುವುದು ನಿಲ್ಲುತ್ತದೆಯೇ? ಸಾಲ ವಾಪಸ್ ಕೇಳಲು ಬಂದವನ ಹಾಗೆ ನಾನು ಎದ್ದ ಕಡೆ ಎದ್ದು, ಕೂತ ಕಡೆ ಕೂತು, ಹೊಗೆ ನನ್ನನ್ನೇ ಹಿಂಬಾಲಿಸಿತು.

ಭಾಮೈದ ಚಿಪ್ಸ್ ತಿಂದು ಪೊಟ್ಟಣವನ್ನು ಬೆಂಕಿಗೆ ಎಸೆದ. ನಾನು ಕೋಲಿನಿಂದ ಹೊರಗೆಳೆದೆ. ಅದರ ಒಳಗಿನ ಬೆಳ್ಳಿ ಬಣ್ಣ ಅಲ್ಯೂಮಿನಿಯಂ, ಉರಿದು ಮಾಯವಾಗುವಂಥದ್ದಲ್ಲ. ಪ್ಲಾಸ್ಟಿಕ್ ಸುಟ್ಟು ನಾತ, ಉಳಿದದ್ದು ಬೂದಿಯಲ್ಲಿ ಚೂರುಚೂರು. ಇದನ್ನು ಹೇಳುತ್ತಿರುವಾಗಲೇ 'ಫಟ್' ಅಂತ ಸದ್ದಾಯಿತು.

ಎಲ್ಲರೂ ಎದ್ದು ನಿಂತೆವು. ಎರಡನೆಯ 'ಫಟ್'. ಒಂದು ಚೂರು ಭಾಮೈದನ ಕಿವಿಯ ಪಕ್ಕ ಹೋಯಿತು. ಇನ್ನೊಂದು ಆಲೂಗಡ್ಡೆ ಪಾತ್ರೆಗೆ ಬಡಿಯಿತು. ನನ್ನ ಸುಂದರವಾದ ಹೊಳೆಗಲ್ಲುಗಳು ಸಿಡಿಯುತ್ತಿದ್ದವು. ಕಲ್ಲಿನ ಸಣ್ಣ ಬಿರುಕುಗಳಲ್ಲಿ ನೀರು ಕೂತಿರುತ್ತದೆ. ಕಾದಾಗ ಅದು ಉಗಿಯಾಗುತ್ತದೆ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಕಲ್ಲಿನೊಳಗೆ ಅಷ್ಟು ಜಾಗ ಎಲ್ಲಿಂದ ತರುವುದು? ಕಲ್ಲೇ ದಾರಿ ಬಿಡುತ್ತದೆ. ನಾವು ನಾಲ್ವರೂ ಜೀಪಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ನಾನೇ ಹಚ್ಚಿಸಿದ ಪಟಾಕಿ ಮುಗಿಯಲಿ ಅಂತ ಕಾದೆವು. "ಒಣಗಿದವಾ ಅಳಿಯಂದಿರೇ ಕಲ್ಲು?" ಅಂತ ಅತ್ತೆ ಮೆಲ್ಲಗೆ ಕೇಳಿದರು.

ಕಳೆದ ಮರ್ಯಾದೆ ವಾಪಸ್ ತರಲು ನನಗೆ ಉಳಿದಿದ್ದದ್ದು ಒಂದೇ ದಾರಿ, ಕಥೆ ಹೇಳುವುದು. ಬೆಂಕಿ ತಗ್ಗಿ ಕೆಂಡವಾಗಿತ್ತು. ನಾನು ಗಂಟಲು ಸರಿಮಾಡಿಕೊಂಡು 2011ರ ಅರಿಜೋನಾದ ಕಾಡ್ಗಿಚ್ಚಿನ ಕಥೆ ಹೇಳಿದೆ. ಅದಕ್ಕೆ ವ್ಯಾಲೋ ಫೈರ್ ಅಂತ ಹೆಸರು. ಇಬ್ಬರು, ದಾಯಾದಿ ಸಂಬಂಧಿಕರು, ಕಾಡಿನಲ್ಲಿ ರಾತ್ರಿ ಕಳೆದರು. ಬೆಳಿಗ್ಗೆ ಬೆಂಕಿ ಆರಿದೆಯೋ ಇಲ್ಲವೋ ಅಂತ ಒಂದು ಮಿಠಾಯಿ ಕಾಗದ ಹಾಕಿ ನೋಡಿದರಂತೆ. ಕಾಗದ ಕರಗಲಿಲ್ಲ. ಆರಿದೆ ಅಂದುಕೊಂಡು ನಡೆಯಲು ಹೋದರು. ವಾಪಸ್ ಬರುವಷ್ಟರಲ್ಲಿ ಟೆಂಟಿನ ಹತ್ತಿರ ಹೋಗಲಾಗದಷ್ಟು ಬೆಂಕಿ. ಕೊನೆಗೆ ಸುಟ್ಟದ್ದು 5,38,000 ಎಕರೆ. ಆ ರಾಜ್ಯದ ದಾಖಲೆಯಲ್ಲೇ ಅತಿ ದೊಡ್ಡದು. ಎಲ್ಲ ಒಂದು ಆರದ ಕ್ಯಾಂಪ್‌ಫೈರ್‌ನಿಂದ.

"ಅಯ್ಯೋ" ಅಂದಳು ಹೆಂಡತಿ. ಪರಿಣಾಮ ಚೆನ್ನಾಗಿತ್ತು. ಹುರುಪು ಬಂದು ಮುಂದುವರಿಸಿದೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಡೈಸ್ ಅನ್ನುವ ಊರನ್ನೇ ಸುಟ್ಟು 85 ಜನರನ್ನು ಕೊಂದ ಬೆಂಕಿಯ ಹೆಸರೇ 'ಕ್ಯಾಂಪ್ ಫೈರ್'. ಆದರೆ ಅದು ಕ್ಯಾಂಪ್‌ಫೈರ್‌ನಿಂದ ಹತ್ತಿದ್ದಲ್ಲ, ವಿದ್ಯುತ್ ತಂತಿಯಿಂದ. ಕ್ಯಾಂಪ್ ಕ್ರೀಕ್ ಅನ್ನುವ ರಸ್ತೆಯ ಹತ್ತಿರ ಶುರುವಾದ್ದರಿಂದ ಆ ಹೆಸರು. "ಹೆಸರು ನೋಡಿ ಮೋಸ ಹೋಗಬಾರದು" ಅಂತ ಮುಗಿಸಿದೆ. ಭಾಮೈದ ಗೊರಕೆ ಹೊಡೆಯುತ್ತಿದ್ದ. ಅತ್ತೆ ಕೆಂಡವನ್ನೇ ನೋಡುತ್ತಾ, "ಮಿಠಾಯಿ ಕಾಗದ ಯಾಕೆ, ಕೈ ಇರಲಿಲ್ವಾ ಅವರಿಗೆ?" ಅಂದರು.

ಬೆಳಿಗ್ಗೆ ಎದ್ದ ಭಾಮೈದ ಸಣ್ಣ ಸಲಿಕೆ ಹಿಡಿದು ಕಾಡಿನೊಳಗೆ ಹೋದ. ಹೊಳೆಯಿಂದ, ದಾರಿಯಿಂದ, ಟೆಂಟಿನಿಂದ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳ, ಮುಗಿಸಿ ಮುಚ್ಚಬೇಕು, ಒರೆಸಿದ ಕಾಗದವನ್ನು ಚೀಲದಲ್ಲಿ ಹಾಕಿ ವಾಪಸ್ ತರಬೇಕು, ಅಲ್ಲೇ ಸುಡಬಾರದು. ಇದೊಂದು ನಿಯಮವನ್ನು ಅವನು ನಿದ್ದೆಯಲ್ಲೂ ಕೇಳಿಸಿಕೊಂಡಿದ್ದ. "ಎಪ್ಪತ್ತೆಂಟು... ಎಪ್ಪತ್ತೊಂಬತ್ತು... ಎಂಬತ್ತು!" ಅಂತ ಕಾಡಿಗೆಲ್ಲ ಕೇಳಿಸುವ ಹಾಗೆ ಎಣಿಸಿದ. ಹಕ್ಕಿಗಳು ಎದ್ದು ಹಾರಿದವು. ಖಾಸಗಿ ಕೆಲಸಕ್ಕೆ ಅಷ್ಟು ಪ್ರಚಾರ ನಾನು ಕಂಡಿಲ್ಲ.

ನಾವು ಸಾಮಾನು ಕಟ್ಟಿದೆವು. ಕಸ ಆಯ್ದೆವು. ಸಿಡಿದ ಕಲ್ಲಿನ ಚೂರುಗಳನ್ನೂ ಹೆಕ್ಕಿದೆ. ವೃತ್ತದಲ್ಲಿ ಬೆಳ್ಳನೆಯ ಬೂದಿ. ಹೊಗೆ ಇಲ್ಲ, ಕೆಂಪು ಇಲ್ಲ. ಅತ್ತೆ ಹೊಳೆಯ ಕಡೆ ಮುಖ ತೊಳೆಯಲು ಹೋಗಿದ್ದರು. ನಾನು ಮೂರು ಸಲಿಕೆ ಮಣ್ಣು ಎಳೆದು ಮುಚ್ಚಿ, ತಟ್ಟಿ, ಮೇಲೆ ಎರಡು ಎಲೆ ಇಟ್ಟು ಅಲಂಕಾರವನ್ನೂ ಮಾಡಿದೆ. ಬಂದು ಹೋದ ಗುರುತೇ ಇಲ್ಲ! ನಾಲ್ವರೂ ನಿಂತು ಫೋಟೋ ತೆಗೆಸಿಕೊಂಡೆವು, ಮೊಬೈಲನ್ನು ಜೀಪಿನ ಬಾನೆಟ್ ಮೇಲೆ ಇಟ್ಟು. ಹೊರಟೆವು.

ಒಂಬತ್ತು ಕಿಲೋಮೀಟರ್ ಬಂದಿದ್ದೆವು. ಮುಂದಿನ ಸೀಟಿನಿಂದ ಅತ್ತೆಯ ದನಿ.

"ನೀರು ಹುಯ್ದ್ರಾ?"

ಯಾರೂ ಮಾತಾಡಲಿಲ್ಲ.

"ಮಣ್ಣು ಮುಚ್ಚಿದೀನಿ ಅತ್ತೆ, ಚೆನ್ನಾಗಿ ತಟ್ಟಿ" ಅಂದೆ.

"ಒಲೆಯಲ್ಲಿ ಬೆಳಿಗ್ಗೆಗೆ ಕೆಂಡ ಉಳಿಸ್ಬೇಕು ಅಂದ್ರೆ ನಾವು ಅದನ್ನೇ ಮಾಡ್ತಿದ್ವಿ. ಬೂದಿ ಮುಚ್ಚಿಡ್ತಿದ್ವಿ." ಸ್ವಲ್ಪ ಹೊತ್ತು ಬಿಟ್ಟು, "ತಿರುಗಿಸೋ" ಅಂದರು ಮಗನಿಗೆ.

ಒಂಬತ್ತು ಕಿಲೋಮೀಟರ್ ಅಂದರೆ ಆ ದಾರಿಯಲ್ಲಿ ಒಂದು ಗಂಟೆಯ ಮೇಲೆ. ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಕಡಿದಾದ, ಒಂದೇ ಗಾಡಿ ಹಿಡಿಯುವ ಇಳಿಜಾರು. ಕೆಳಗಿನಿಂದ ಒಂದು ಜೀಪು ಏರುತ್ತಿತ್ತು. ಏರುವವರಿಗೇ ಮೊದಲ ಹಕ್ಕು. ನಡುವೆ ನಿಂತರೆ ಮತ್ತೆ ಏರಲು ಅವರಿಗೆ ಕಷ್ಟ, ಹಾಗಾಗಿ ಇಳಿಯುವವರೇ ಹಿಂದೆ ಸರಿಯಬೇಕು. ಭಾಮೈದ ರಿವರ್ಸ್‌ನಲ್ಲಿ ನರಳುತ್ತಾ ಮೇಲೆ ಹತ್ತಿಸಿ ದಾರಿ ಬಿಟ್ಟ. ಪಕ್ಕಕ್ಕೆ ಬಂದ ಜೀಪಿನ ಕಿಟಕಿ ಇಳಿಯಿತು. ಅದೇ ಮಹಿಳೆ.

"ಏನಾದ್ರೂ ಮರೆತ್ರಾ?" ಅಂತ ಕೇಳಿದರು.

"ಹೌದು" ಅಂದ ಭಾಮೈದ.

"ಏನು?"

"ಬೆಂಕಿ."

ಆಕೆ ನನ್ನ ಕಡೆ ನೋಡಿದರು. ಈ ಸಲ ಹೆಂಡತಿ ತೋರಿಸುವ ಅಗತ್ಯವೂ ಬೀಳಲಿಲ್ಲ.

ಜಾಗ ಮುಟ್ಟಿದಾಗ ಎಲ್ಲ ಬಿಟ್ಟುಹೋದ ಹಾಗೇ ಇತ್ತು. ನನ್ನ ಎರಡು ಎಲೆ ಕೂಡ ಇದ್ದವು. ಮನಸ್ಸಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಒಂಬತ್ತು ಕಿಲೋಮೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸ್ವಲ್ಪ ಕೋಪವೂ ಬಂತು. ನೇರವಾಗಿ ಹೋಗಿ ಆ ಮಣ್ಣಿನ ದಿಬ್ಬದ ಮೇಲೆ ಬಲಗಾಲಿಟ್ಟು ನಿಂತೆ. "ನೋಡಿ ಅತ್ತೆ. ತಣ್ಣಗಿದೆ. ನಾನೇ ನಿಂತಿದ್ದೀನಿ" ಅಂದೆ. ಆಮೇಲೆ ಭಾಷಣವನ್ನೂ ಸ್ವಲ್ಪ ಮಾಡಿದೆ, ನಂಬಿಕೆಯ ಬಗ್ಗೆ.

"ರೀ, ಏನೋ ರಬ್ಬರ್ ವಾಸನೆ" ಅಂದಳು ಹೆಂಡತಿ.

ನಾನು ಕಾಲೆತ್ತಿದೆ. ಚಪ್ಪಲಿ ಬರಲಿಲ್ಲ. ಕಾಲು ಮಾತ್ರ ಬಂತು.

ಶಾಲೆಯಲ್ಲಿ 'ಬೂದಿ ಮುಚ್ಚಿದ ಕೆಂಡ' ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿ ಪೂರ್ತಿ ಅಂಕ ತಗೊಂಡವನು ನಾನು. ದೊಡ್ಡವನಾದ ಮೇಲೆ ರಾಜಕೀಯಕ್ಕೆ ಬಳಸಿದ್ದೇನೆ, ಆಫೀಸಿನ ಜಗಳಕ್ಕೆ ಬಳಸಿದ್ದೇನೆ, ಅತ್ತೆ-ಸೊಸೆ ಸಂಬಂಧಗಳಿಗೆ ಬಳಸಿದ್ದೇನೆ. ಅದರಲ್ಲಿ ನಿಜವಾಗಿಯೂ ಬೂದಿ ಮತ್ತು ಕೆಂಡ ಇರುತ್ತವೆ ಅನ್ನುವುದು ಒಂಟಿಕಾಲಲ್ಲಿ ಕುಣಿಯುವಾಗ ಹೊಳೆಯಿತು.

ಅತ್ತೆ ಕೋಲಿನಿಂದ ಮಣ್ಣು ಕೆದಕಿದರು. ಒಳಗೆ ಕೆಂಪು. ನಿನ್ನೆ ರಾತ್ರಿಯ ಕೆಂಪೇ. ಮಣ್ಣು ಬೆಂಕಿಯನ್ನು ಆರಿಸಿರಲಿಲ್ಲ, ಚಳಿಗೆ ಕಂಬಳಿ ಹೊದಿಸಿದ ಹಾಗೆ ಬೆಚ್ಚಗೆ ಕಾಪಾಡಿತ್ತು. ಸಮುದ್ರ ತೀರಗಳಲ್ಲಿ ಹೀಗೆ ಮರಳು ಮುಚ್ಚಿ ಹೋದ ಬೆಂಕಿಯ ಮೇಲೆ ಮಕ್ಕಳು ಬರಿಗಾಲಿನಲ್ಲಿ ಓಡಿ ಸುಟ್ಟುಕೊಳ್ಳುತ್ತಾರೆ, ಮೇಲೆ ಏನೂ ಕಾಣುವುದಿಲ್ಲವಲ್ಲ. ಇಲ್ಲಿ ಇನ್ನೂ ಒಂದು ವಿಷಯ ಇತ್ತು. ವೃತ್ತದ ಅಂಚಿನಲ್ಲಿ ಒಂದು ಬೇರು, ಅದರ ತುದಿ ಕಪ್ಪಾಗಿ, ಸಣ್ಣಗೆ ಹೊಗೆಯಾಡುತ್ತಿತ್ತು. ಬೇರಿಗೆ ಹತ್ತಿದ ಬೆಂಕಿ ನೆಲದೊಳಗೇ ದಿನಗಟ್ಟಲೆ ತೆವಳಿ ಇನ್ನೆಲ್ಲೋ ಎದ್ದೇಳಬಹುದು. ಇದೂ ನನ್ನ ಹಾಳೆಯಲ್ಲಿತ್ತು. ಹಾಳೆ ಜೀಪಿನಲ್ಲಿ, ಆಲೂಗಡ್ಡೆ ಮೂಟೆಯ ಕೆಳಗೆ ಇತ್ತು.

ನೀರು ಬೇಕು. ನೀರಿನ ಕ್ಯಾನ್ ಖಾಲಿ, ಬೆಳಿಗ್ಗೆಯೇ ಪಾತ್ರೆ ತೊಳೆದು ಮುಗಿಸಿದ್ದೆವು. ಅದರ ಮುಚ್ಚಳ ಬೇರೆ ಕಳೆದಿತ್ತು. ಹೊಳೆ ಎಂಬತ್ತು ಹೆಜ್ಜೆ ದೂರ. ನಾನೇ ಎಣಿಸಿದ್ದು. ಮುಚ್ಚಳವಿಲ್ಲದ ಕ್ಯಾನನ್ನು ಭಾಮೈದ ಹೊತ್ತ. ಕಾಫಿ ಪಾತ್ರೆ ನನ್ನ ಪಾಲಿಗೆ ಬಂತು. ಎಡಗಾಲಿಗೆ ಚಪ್ಪಲಿ, ಬಲಗಾಲಿಗೆ ಹೆಂಡತಿಯ ಒಂದು ಕಾಲುಚೀಲ. ಹೋಗುವುದು ಎಂಬತ್ತು, ಬರುವುದು ಎಂಬತ್ತು, ತುಳುಕಿ ಉಳಿದದ್ದು ಅರ್ಧ ಪಾತ್ರೆ. ಹನ್ನೊಂದು ಸಲ ಹೋಗಿ ಬಂದೆ. ಪ್ರತಿ ಸಲವೂ ಮುಳ್ಳಿರುವುದು ಬಲಗಾಲಿನ ದಾರಿಯಲ್ಲೇ.

ಅತ್ತೆ ನಿಂತು ಮೇಸ್ತ್ರಿಕೆ ಮಾಡಿದರು. ನೀರು ಹುಯ್ಯಿ. ಕಲಸು. ಅಡಿಯಿಂದ ಮೇಲಕ್ಕೆ ತೆಗಿ. ಕಟ್ಟಿಗೆಯ ಎಲ್ಲಾ ಮೈ ತೋಯಬೇಕು. ಮತ್ತೆ ಹುಯ್ಯಿ. 'ಸುಯ್' ಸದ್ದು ನಿಂತ ಮೇಲೂ ಮತ್ತೆ ಹುಯ್ಯಿ. ಬೇರನ್ನು ಕೆದಕಿ ತೆಗೆಸಿ ಅದಕ್ಕೂ ಸ್ನಾನ. ಕೊನೆಗೆ ಅವರು ಕೂತು, ಅಂಗೈ ಅಲ್ಲ, ಕೈಯ ಹಿಂಬದಿಯನ್ನು ಆ ಕರಿ ಕೆಸರಿನ ಹತ್ತಿರ ತಂದರು. ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಕೈಯನ್ನು ಅದರೊಳಗೇ ಹಾಕಿದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ಈಗ ಆರಿತು. ಅಳಿಯಂದಿರೂ ಮುಟ್ಟಿ ನೋಡಿ" ಅಂದರು.

ಮುಟ್ಟಿದೆ. ತಣ್ಣಗಿತ್ತು. ನಿನ್ನೆಯಿಂದ ನಾನು ಮುಟ್ಟಿದ ವಸ್ತುಗಳಲ್ಲಿ ತಣ್ಣಗಿದ್ದದ್ದು ಅದೊಂದೇ. ಚಪ್ಪಲಿಯನ್ನು ಅಲ್ಲೇ ಬಿಡುವ ಹಾಗಿರಲಿಲ್ಲ, ತಂದದ್ದೆಲ್ಲ ವಾಪಸ್ ಒಯ್ಯಬೇಕು ಅಂತ ನಿಯಮ. ನಾನೇ ಓದಿ ಹೇಳಿದ್ದು. ಅತ್ತೆ ಅದನ್ನು ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು.

ಮನೆಗೆ ಬಂದು ಮೂರು ದಿನದ ಮೇಲೆ ಭಾಮೈದ ಫೋಟೋಗಳನ್ನು ಟಿವಿಗೆ ಹಾಕಿ ತೋರಿಸಿದ. ಹೊರಡುವ ಮುಂಚೆ ತೆಗೆದದ್ದು ಬಂತು. ನಾಲ್ವರೂ ನಗುತ್ತಿದ್ದೇವೆ. ಶುಚಿಯಾದ ನೆಲ. ದಿಬ್ಬದ ಮೇಲೆ ಎರಡು ಎಲೆ. "ಇದನ್ನ ದೊಡ್ಡದು ಮಾಡಿ ಫ್ರೇಮ್ ಹಾಕಿಸೋಣ ಭಾವ" ಅಂದ.

ಅತ್ತೆ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋದರು. ನನ್ನ ಬಲಭುಜದ ಹಿಂದೆ ಬೆರಳಿಟ್ಟರು. ಅಲ್ಲಿ ದಾರದಷ್ಟು ತೆಳ್ಳಗೆ, ಬೆಳ್ಳಗೆ, ನೆಟ್ಟಗೆ ಏನೋ ಮೇಲೇಳುತ್ತಿತ್ತು.

"ಮಂಜು ಇರ್ಬೇಕು ಅಮ್ಮ" ಅಂದ ಭಾಮೈದ.

ಅತ್ತೆ ಏನೂ ಅನ್ನಲಿಲ್ಲ. ಎದ್ದು ಹೋಗಿ, ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಸಾಲಿನಲ್ಲಿದ್ದ ಒಂಟಿ ಚಪ್ಪಲಿಯನ್ನು ಎತ್ತಿ ಮೇಲಿನ ಸಾಲಿಗೆ ಇಟ್ಟರು.